ಭಾಗಗಳನ್ನು ಗುರುತಿಸಿ

ಮಕ್ಕಳು ಭೌತಶಾಸ್ತ್ರ ಓದಿದರೆ ಮನೆಯವರಿಗೆ ಯಾವ ಅಪಾಯವೂ ಇಲ್ಲ. ಓಮನ ನಿಯಮ ಓಮನ ಪಾಡಿಗೆ ಇರುತ್ತದೆ. ಫ್ಯೂಸ್ ಹೋದಾಗ ಯಾರೂ ಅದನ್ನು ನೆನೆಯುವುದಿಲ್ಲ, ಎಲೆಕ್ಟ್ರಿಷಿಯನ್ನನ್ನು ನೆನೆಯುತ್ತಾರೆ. ರಸಾಯನಶಾಸ್ತ್ರದ ಸಮೀಕರಣ ಸರಿದೂಗದಿದ್ದರೆ ಟ್ಯೂಷನ್ ಮೇಷ್ಟ್ರು ದೂಗಿಸಿಕೊಡುತ್ತಾರೆ. ಜೀವಶಾಸ್ತ್ರದ ಸ್ವಭಾವ ಅಂಥದ್ದಲ್ಲ. ಅದಕ್ಕೆ ಜೀವವೇ ಬೇಕು. ರಾತ್ರಿ ಎಂಟೂವರೆಗೆ, ಊಟಕ್ಕೆ ಮುಂಚೆ, ಓಡಿಹೋಗದೆ ಕೈಗೆ ಸಿಗುವ ಜೀವವೆಂದರೆ ಅಪ್ಪ.

ದೊಡ್ಡ ಮಗಳದು ಈ ವರ್ಷ ಎಸ್ಸೆಸ್ಸೆಲ್ಸಿ. ವಿಜ್ಞಾನಕ್ಕೆ 80 ಅಂಕ ಲಿಖಿತ ಪರೀಕ್ಷೆಯಿಂದ, 20 ಅಂಕ ಆಂತರಿಕ ಮೌಲ್ಯಮಾಪನದಿಂದ. ಆ ಇಪ್ಪತ್ತು ಅವಳದೋ ನನ್ನದೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

‘ಜೀವಕ್ರಿಯೆಗಳು’ ಅಧ್ಯಾಯದಿಂದಲೇ ನನ್ನ ಮಾನ ಕರಗಲು ಶುರು. “ಅಪ್ಪ, ಶ್ವಾಸಕೋಶದ ಗಾಳಿಗೂಡುಗಳನ್ನೆಲ್ಲ ಬಿಚ್ಚಿ ಹಾಸಿದ್ರೆ ಸುಮಾರು 80 ಚದರ ಮೀಟರ್ ಆಗುತ್ತಂತೆ” ಎಂದಳು. ಚದರಡಿಗೆ ತಿರುಗಿಸಿದೆ, 860 ದಾಟಿತು. ನಮ್ಮ ಬಾಡಿಗೆ ಮನೆಯೇ ಅಷ್ಟಿಲ್ಲ. “ಎದೇಲಿ ಅಷ್ಟು ಜಾಗ ಇಟ್ಕೊಂಡೂ ಒಂದು ಮಹಡಿ ಹತ್ತೋದ್ರಲ್ಲಿ ಏದುಸಿರು ಬಿಡ್ತೀರಲ್ರೀ” ಎಂದಳು ನನ್ನಾಕೆ. ಮಾರನೆಯ ದಿನ ಮೂತ್ರಪಿಂಡ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಉಪಯೋಗಕ್ಕೆ ಬರುವುದನ್ನೆಲ್ಲ ವಾಪಸು ಹೀರಿಕೊಂಡು, ಬರೀ ಒಂದೆರಡು ಲೀಟರ್ ಹೊರಹಾಕುತ್ತದಂತೆ. ಒಂದು ಕೊಡ ಒಳ್ಳೆಯ ನೀರು ಕೊಡಲು ಎರಡು ಕೊಡ ಮೋರಿಗೆ ಬಿಡುವ ನಮ್ಮ ಅಡುಗೆಮನೆಯ ಫಿಲ್ಟರನ್ನು ಎಲ್ಲರೂ ತಿರಸ್ಕಾರದಿಂದ ನೋಡಿದೆವು. ನನ್ನ ದೇಹದ ಒಂದು ಅಂಗವನ್ನು ಈ ಮನೆಯಲ್ಲಿ ಯಾರಾದರೂ ಹೊಗಳಿದ್ದು ಅವತ್ತೇ ಮೊದಲು.

ಹೃದಯದ ವಿಷಯ ಹಾಗಾಗಲಿಲ್ಲ. ‘ಹೃದಯದ ನೀಳಛೇದದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂಬ ಪ್ರಶ್ನೆಗೆ ಹೆದರದ ಮನೆ ಕರ್ನಾಟಕದಲ್ಲಿರಲಾರದು. ಪೆನ್ಸಿಲ್ ಚೂಪಾಗಿರಬೇಕು, ಗೆರೆ ಒಂದನ್ನೊಂದು ದಾಟಬಾರದು, ಇಡೀ ಮೈಗೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪಗಿರಬೇಕು. ಮಗಳು ಪುಟದ ಬಲಗಡೆಗೆ ‘ಎಡ ಹೃತ್ಕರ್ಣ’ ಎಂದು ಬರೆದಳು. ನಾನು ಸುಮ್ಮನಿರಬಹುದಿತ್ತು. “ಎಡ ಬಲಾನೂ ಗೊತ್ತಾಗಲ್ವೇನೇ?” ಎಂದೆ. ಅವಳು ನನ್ನನ್ನು ಎಬ್ಬಿಸಿ ಎದುರಿಗೆ ನಿಲ್ಲಿಸಿ, ಪುಸ್ತಕವನ್ನು ನನ್ನ ಎದೆಗೆ ಆನಿಸಿ, “ಚಿತ್ರದಲ್ಲಿರೋರು ನಮಗೆ ಎದುರಾಗಿ ನಿಂತಿರ್ತಾರೆ ಅಪ್ಪ” ಎಂದಳು. “ಎದುರಿಗೆ ನಿಂತವರ ಹೃದಯ ನಿಮ್ಮಪ್ಪಂಗೆ ಯಾವತ್ತು ಅರ್ಥವಾಗಿದೆ?” ಎಂದು ಒಗ್ಗರಣೆಯ ಚಟಪಟದ ನಡುವೆ ಕೇಳಿಸಿತು.

ಇಷ್ಟೆಲ್ಲ ಬಾಯಿಪಾಠದ ಮಟ್ಟ. ನಿಜವಾದ ಕಷ್ಟ ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿತ್ತು. ಹಸಿರು-ಬಿಳಿ ಪಟ್ಟೆಯ ಎಲೆಯಿರುವ ಗಿಡವೊಂದನ್ನು ಮೂರು ದಿನ ಕತ್ತಲಲ್ಲಿಡಬೇಕು. ಎಲೆಯಲ್ಲಿ ಕೂಡಿಟ್ಟ ಪಿಷ್ಟವೆಲ್ಲ ಖರ್ಚಾಗಬೇಕು. ನಮ್ಮಲ್ಲಿದ್ದ ಪಟ್ಟೆಯ ಗಿಡ ಒಂದೇ, ನನ್ನಾಕೆಯ ಮನಿಪ್ಲಾಂಟ್. ಅದರ ಮೇಲೆ ಬೀಳುವ ಬಿಸಿಲು ನೆರಳಿನ ಬಗ್ಗೆ ಅವಳಿಗಿರುವ ಕಾಳಜಿಯಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೆ ನಾನಿಷ್ಟು ಕಪ್ಪಾಗುತ್ತಿರಲಿಲ್ಲ. ಇನ್ನು ಕತ್ತಲು ಎಲ್ಲಿ? ಮಂಚದ ಕೆಳಗೆ ಟ್ರಂಕುಗಳಿವೆ, ಬಚ್ಚಲಲ್ಲಿ ಕಿಟಕಿಯಿದೆ. ಕೊನೆಗೆ ಎಲ್ಲರ ಕಣ್ಣೂ ನನ್ನ ಬೀರುವಿನ ಮೇಲೆ ಬಿತ್ತು. ನನ್ನ ಅಂಗಿಗಳು ಹೊರಬಂದವು, ಮನಿಪ್ಲಾಂಟ್ ಒಳಹೋಯಿತು. ಬಾಗಿಲು ತೆರೆದರೆ ಬೆಳಕು ಒಳಹೋಗಿ ಪ್ರಯೋಗ ಕೆಡುತ್ತದೆಂದು ಬೀಗದ ಕೈಯನ್ನೂ ಕಿತ್ತುಕೊಂಡರು. ನನ್ನ ಪ್ಯಾಂಟುಗಳೆಲ್ಲ ಒಳಗೇ ಉಳಿದವೆಂದು ಬೆಳಿಗ್ಗೆ ತಿಳಿಯಿತು. ಗಿಡ ತನ್ನ ಪಿಷ್ಟ ಕಳೆದುಕೊಳ್ಳುವವರೆಗೂ ನಾನು ಒಂದೇ ಪ್ಯಾಂಟಿನಲ್ಲಿ ಆಫೀಸಿಗೆ ಹೋದೆ.

ಆಮೇಲೆ ಅದಕ್ಕೆ ಆರು ಗಂಟೆ ಬಿಸಿಲು. ಅಮ್ಮ ತಾರಸಿಯಲ್ಲಿ ಹಪ್ಪಳದ ಜೊತೆ ಅದನ್ನೂ ಕಾದಳು. ಮುಂದಿನ ಸಾಮಗ್ರಿಯನ್ನು ನೆನಪಿಸಲು ಮಗಳು ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ; ಸ್ಪೀಕರ್ ಆನ್ ಆಗಿತ್ತು. “ಅಪ್ಪ, ಬರ್ತಾ ಆಲ್ಕೋಹಾಲ್ ತರೋದು ಮರೀಬೇಡ. ಅಮ್ಮನೂ ಹೇಳು ಅಂದ್ಲು.” ಪಕ್ಕದ ಮೇಜಿನವರು ನನ್ನನ್ನು ನೋಡಿದ ನೋಟದಲ್ಲಿ ಅಷ್ಟು ಗೌರವ ನಾನು ಹಿಂದೆಂದೂ ಕಂಡಿರಲಿಲ್ಲ. ತಂದದ್ದು ಮೆಡಿಕಲ್ ಶಾಪಿನ ಸ್ಪಿರಿಟ್ ಮತ್ತು ಟಿಂಕ್ಚರ್ ಅಯೋಡಿನ್ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಸ್ಪಿರಿಟ್ಟನ್ನು ನೇರ ಉರಿಯ ಮೇಲಿಟ್ಟರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ನನ್ನಾಕೆ ನೀರು ಕುದಿಸಿ, ಗ್ಯಾಸ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರನ್ನೂ ತಿರುಗಿಸಿ, ನನ್ನನ್ನು ಹೊಸಿಲಾಚೆ ನಿಲ್ಲಿಸಿದ ಮೇಲೆಯೇ ಪ್ರಯೋಗಕ್ಕೆ ಅಪ್ಪಣೆ ಕೊಟ್ಟದ್ದು. ಬಿಸಿನೀರಿನ ಪಾತ್ರೆಯೊಳಗೆ ಲೋಟ, ಲೋಟದೊಳಗೆ ಸ್ಪಿರಿಟ್, ಅದರೊಳಗೆ ಎಲೆ. ಪತ್ರಹರಿತ್ತು ಬಿಟ್ಟುಕೊಂಡು ಸ್ಪಿರಿಟ್ ಹಸಿರಾಯಿತು, ಎಲೆ ಪೇಲವವಾಯಿತು. ತೊಳೆದು ಅಯೋಡಿನ್ ತೊಟ್ಟಿಕ್ಕಿಸಿದಾಗ, ಹಸಿರಿದ್ದ ಕಡೆಯೆಲ್ಲ ನೀಲಿಗಪ್ಪು. ಬಿಳಿಯಿದ್ದ ಕಡೆ ಏನೂ ಇಲ್ಲ. ಪುಸ್ತಕದಲ್ಲಿ ಬರೆದದ್ದು ಅಡುಗೆಮನೆಯಲ್ಲೂ ಆಯಿತಲ್ಲ ಎಂದು ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಕಲೆಯಾದ ಲೋಟ ನನ್ನ ಕಾಫಿಯದು ಎಂದು ಆಮೇಲೆ ಗೊತ್ತಾಯಿತು.

ಪರಾವರ್ತಿತ ಕ್ರಿಯೆಗೆ ಉದಾಹರಣೆ ಹುಡುಕಲು ಕಷ್ಟವೇ ಆಗಲಿಲ್ಲ. ಬಿಸಿ ಬಾಣಲೆ ಮುಟ್ಟಿದಾಗ ಮೆದುಳನ್ನು ಕೇಳದೆಯೇ ಮೆದುಳುಬಳ್ಳಿ ಕೈಯನ್ನು ಹಿಂದಕ್ಕೆಳೆಸುತ್ತದೆ. “ನಾನು ಏನಂದ್ರೂ ನೀವು ಪೇಪರ್ ಇಂದ ತಲೆ ಎತ್ತದೆ ‘ಹೂಂ’ ಅಂತೀರಲ್ಲ, ಅದೇ ಇದು ಅಲ್ವೇನ್ರೀ?” ಎಂದಳು. ನಾನು ಹೂಂ ಎಂದೆ.

ಅನುವಂಶೀಯತೆಯ ಪಾಠ ಬಂದಾಗ ಎಲ್ಲರ ಕಿವಿಯ ಹಾಲೆಗಳ ತಪಾಸಣೆ ನಡೆಯಿತು: ಯಾರದು ಅಂಟಿದ್ದು, ಯಾರದು ಬಿಡಿಯಾಗಿ ಇಳಿಬಿದ್ದದ್ದು. ಬೆಂಡೋಲೆ ಎಳೆದೆಳೆದು ಅಮ್ಮನ ಹಾಲೆ ಯಾವ ವರ್ಗಕ್ಕೂ ಸೇರಲಿಲ್ಲ. (ಕಿವಿಹಾಲೆ ಒಂದೇ ಜೀನಿನ ಕೆಲಸವಲ್ಲ, ಹಲವಾರು ಸೇರಿ ಮಾಡುವಂಥದ್ದು ಎಂದು ಈಗ ತಿಳಿದಿದೆ, ಆದರೆ ಪ್ರಾಜೆಕ್ಟ್ ಶೀಟಿನಲ್ಲಿ ಎರಡೇ ಕಾಲಂ ಇದ್ದವು.) ನನಗೂ ಏನಾದರೂ ಗೊತ್ತಿದೆಯೆಂದು ತೋರಿಸಲು ಮೆಂಡಲನ ಕಥೆ ತೆಗೆದೆ. ಮಠದ ತೋಟದಲ್ಲಿ ಬಟಾಣಿ ಬೆಳೆದು 1866ರಲ್ಲಿ ಪ್ರಬಂಧ ಪ್ರಕಟಿಸಿದ ಪುಣ್ಯಾತ್ಮ. ಲೋಕ ಅದನ್ನು ಸರಿಯಾಗಿ ಗಮನಿಸಿದ್ದು 1900ರಲ್ಲಿ, ಅವನು ಸತ್ತು ಹದಿನಾರು ವರ್ಷವಾದ ಮೇಲೆ. “ಅಷ್ಟೇ ಅಲ್ಲ, 1850ರಲ್ಲಿ ಮೇಷ್ಟ್ರ ಪರೀಕ್ಷೆ ಬರೆದು ಫೇಲಾಗಿದ್ದ!” ಎಂದೆ. ಮಗಳ ಮುಖ ಅರಳಿತು. “ಪರೀಕ್ಷೆ ಹತ್ರ ಬಂದಿರೋವಾಗ ಇದೊಂದನ್ನ ಹೇಳ್ಕೊಡಿ” ಎಂದು ನನ್ನಾಕೆ ಪುಸ್ತಕವನ್ನು ನನ್ನ ಕೈಯಿಂದ ಕಸಿದು ಅವಳಿಗೆ ಕೊಟ್ಟಳು.

ಅವಳು ಗಟ್ಟಿಯಾಗಿ ಮುಂದಿನ ಪುಟ ಓದಿದಳು. ಹೆಣ್ಣಿನಲ್ಲಿರುವುದು ಎರಡೂ ಎಕ್ಸ್ ವರ್ಣತಂತು; ಗಂಡಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿಯಿಂದ ಮಗುವಿಗೆ ಸಿಗುವುದು ಎಕ್ಸ್ ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಟಿವಿಯ ಧ್ವನಿ ತಗ್ಗಿತು. ರಿಮೋಟ್ ಅಮ್ಮನ ಕೈಯಲ್ಲಿತ್ತು. ನಮಗೆ ಎರಡನೆಯದೂ ಹೆಣ್ಣಾದಾಗ ಸೊಸೆಯ ಕಡೆ ನೋಡಿ “ಇನ್ನೊಂದು ನೋಡಬಹುದಿತ್ತು” ಎಂದು ನಿಟ್ಟುಸಿರು ಬಿಟ್ಟವಳು ಅವಳೇ.

“ಇನ್ನೊಂದ್ಸಲ ಓದು ಪುಟ್ಟಿ.”

ಓದಿದಳು. ಅಮ್ಮ ಮೊದಲು ಸೊಸೆಯನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಹಪ್ಪಳ ಮುರಿಯುತ್ತ ಕೂತೆ. ಆದರೆ ಅವಳ ದೃಷ್ಟಿ ನನ್ನನ್ನೂ ದಾಟಿ ಗೋಡೆಗೆ ಹೋಯಿತು. ನನಗಿಂತ ಮೊದಲು ಅವಳು ಹೆತ್ತದ್ದು ಮೂರು ಹೆಣ್ಣು. ಮೂರು ಬಾಣಂತನದಲ್ಲೂ ಅತ್ತೆಯಿಂದ ಕೇಳಿದ ಮಾತುಗಳನ್ನು ಅವಳು ಒಂದಕ್ಷರ ಬಿಡದೆ ಈಗಲೂ ಒಪ್ಪಿಸಬಲ್ಲಳು.

“ಲೋ, ಆ ಸ್ಟೂಲ್ ತಗೊಂಬಾ. ನಮ್ಮತ್ತೆ ಫೋಟೋ ಸ್ವಲ್ಪ ಕೆಳಗಿಳಿಸು, ಇದನ್ನ ಅವರಿಗೂ ಓದಿ ಹೇಳ್ಬೇಕು.”

ಸ್ಟೂಲ್ ಅಲ್ಲಾಡದಂತೆ ಹಿಡಿದುಕೊಳ್ಳಲು ನನ್ನಾಕೆ, ಯಾರೂ ಕರೆಯದಿದ್ದರೂ, ಅಡುಗೆಮನೆಯಿಂದ ಬಂದಳು.