ಐದನೇ ನಿಂಬೆಹಣ್ಣು

ನಮ್ಮ ಮನೆಯ ಕಾರು ಎಂಟು ವರ್ಷದಲ್ಲಿ ಓಡಿದ್ದು 21,000 ಕಿಲೋಮೀಟರು. ಈ ಅಂಕಿಯನ್ನು ನಾನು ಬಹಳ ದಿನ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ. ಓಡಾಡುತ್ತಿದ್ದದ್ದು ಕಾಲ್ನಡಿಗೆಯಲ್ಲಿ. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ದುಡ್ಡು ಎಣಿಸಿದವನಿಗೆ ಸ್ವಂತದ್ದನ್ನು ಬಿಚ್ಚುವ ಅಭ್ಯಾಸ ಅಷ್ಟು ಬೇಗ ಹತ್ತುವುದಿಲ್ಲ. ಕಾರನ್ನೂ ಒಂದು ನಿಗದಿತ ಠೇವಣಿಯ ಹಾಗೆಯೇ ಪೋರ್ಟಿಕೋದಲ್ಲಿ ಇಟ್ಟಿದ್ದೆ. ತರಕಾರಿಗೆ ಸ್ಕೂಟರು, ಬೆಂಗಳೂರಿಗೆ ರೈಲು. ಕಾರು ಮದುವೆ ಮುಂಜಿಗೆ, ವರ್ಷಕ್ಕೊಮ್ಮೆ ನಂಜನಗೂಡಿಗೆ.

ನನ್ನ ಹೆಂಡತಿಯ ತಮ್ಮ ಇದಕ್ಕೆ ತದ್ವಿರುದ್ಧ. ಔಷಧಿ ಮಾರುವ ಕೆಲಸ, ಕಾಲಲ್ಲಿ ಚಕ್ರ. ನಾನು ಕಾರು ಕೊಂಡ ದೀಪಾವಳಿಯಲ್ಲೇ ಅವನೂ ಅದೇ ಕಾರು ಕೊಂಡ, ಬಣ್ಣ ಮಾತ್ರ ಬೇರೆ. ಇವತ್ತು ತುಮಕೂರು ಅಂದರೆ ನಾಳೆ ಹಾಸನ. ಮೂರನೇ ವರ್ಷ ಕಳೆಯುವ ಹೊತ್ತಿಗೆ ಬಂದು, "ಭಾವ, ನಾಲ್ಕೂ ಟೈರು ಹೊಸದು ಹಾಕಿಸ್ದೆ" ಅಂದ. ಅವನು ಹೋದಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು, "ನೋಡಿದ್ಯಾ, ನಿನ್ನ ತಮ್ಮ ಮೂರೇ ವರ್ಷಕ್ಕೆ ನಾಲ್ಕು ಟೈರು ತಿಂದು ತೇಗಿದ" ಎಂದೆ. ಅವಳು ಹುಳಿಗೆ ಒಗ್ಗರಣೆ ಹಾಕುತ್ತಲೇ, "ಎಷ್ಟು ಓಡ್ಸಿದ್ದಾನೆ ಅಂತ ಕೇಳಿದ್ರಾ?" ಅಂದಳು. ಫೋನು ಮಾಡಿ ಕೇಳಿದೆ. 52,000. ಸಾಸಿವೆ ಚಟಪಟ ಸಿಡಿಯಿತು.

ಆ ಉತ್ತರದಿಂದ ನನಗೆ ನಷ್ಟವೇನೂ ಆಗಲಿಲ್ಲ. 52,000 ಬಾಳುವ ಟೈರು ವರ್ಷಕ್ಕೆ 2,600 ಓಡಿದರೆ ಇಪ್ಪತ್ತು ವರ್ಷ ಬರಬೇಕು. ಮೊಮ್ಮಗನ ಕೈಗೆ ಸ್ಟೀರಿಂಗು ಸಿಗುವ ತನಕ ಟೈರಿನ ಅಂಗಡಿಯ ಮುಖ ನೋಡಬೇಕಿಲ್ಲ ಎಂದು ಡೈರಿಯಲ್ಲಿ ಬರೆದಿಟ್ಟುಕೊಂಡೆ.

ಲೆಕ್ಕ ತಪ್ಪಿದ್ದು ಕಡಕೊಳದ ಹತ್ತಿರ. ನಂಜನಗೂಡಿಗೆ ಹೊರಟಿದ್ದೆವು, ಎಡ ಮುಂಚಕ್ರ ಪಂಕ್ಚರಾಯಿತು. ಆಗಲಿ, ಸ್ಟೆಪ್ನಿ ಇದೆಯಲ್ಲ ಎಂದು ಡಿಕ್ಕಿ ತೆಗೆದು, ಪ್ರಸಾದದ ಬುಟ್ಟಿ, ಛತ್ರಿ, ಮೂರು ವರ್ಷದ ಹಿಂದೆ ಕಳೆದುಹೋಗಿದ್ದ ಚಾಪೆ ಎಲ್ಲ ಎತ್ತಿಟ್ಟು ಅದನ್ನು ಹೊರಗೆ ಎಳೆದೆ. ಎಂಟು ವರ್ಷ ನೆಲ ಕಾಣದ ಟೈರು. ಕಾರ್ಖಾನೆಯ ಅಚ್ಚಿನಿಂದ ಬಂದಾಗಿನ ರಬ್ಬರಿನ ಸಣ್ಣ ಸಣ್ಣ ಕೂದಲು ಮೈಮೇಲೆಲ್ಲ ಹಾಗೇ ಇತ್ತು, ಹರಕೆಗೆ ಬಿಟ್ಟು ಇನ್ನೂ ಮುಡಿ ಕೊಡದ ಮಗುವಿನ ಹಾಗೆ. ಅಭಿಮಾನದಿಂದ ಕೆಳಗೆ ಬಿಟ್ಟೆ. ಪುಟಿಯಬೇಕಿತ್ತು. ದೊಪ್ಪನೆ ಕೂತಿತು. ಒಳಗೆ ಗಾಳಿಯೇ ಇರಲಿಲ್ಲ.

ಸ್ಟೆಪ್ನಿ ಎನ್ನುವುದು ಒಂದು ಬೀದಿಯ ಹೆಸರು. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವೀಸ್ ಅಣ್ಣತಮ್ಮಂದಿರು 1904ರ ಹೊತ್ತಿಗೆ ಬದಲಿ ಚಕ್ರ ಮಾಡಿ ಮಾರಲು ಶುರುಮಾಡಿದರು. ಅದಕ್ಕೆ ಮುಂಚೆ ಕಾರಿನ ಜೊತೆ ಐದನೇ ಚಕ್ರ ಕೊಡುವ ಪದ್ಧತಿ ಇರಲಿಲ್ಲ. ಅಲ್ಲಿಂದ ಹೊರಟ ಹೆಸರು ಕಡಕೊಳದ ಪಂಕ್ಚರ್ ಅಂಗಡಿಯ ಹುಡುಗನ ಬಾಯಿಗೆ ಬಂದು ಸೇರಿದೆ. "ಸ್ಟೆಪ್ನಿಗೆ ಗಾಳಿ ಹೊಡ್ಸಿ ಎಷ್ಟು ದಿನ ಆಯ್ತು ಸಾರ್?" ಎಂದು ಅವನು ಕೇಳಿದ. ನಾನು ಬೀದಿಯ ಕಥೆ ಹೇಳಿದೆ. ಅವನು ತೂತಿಗೆ ರಬ್ಬರಿನ ಬತ್ತಿ ತೂರಿಸುತ್ತ ಕೇಳಿಸಿಕೊಂಡು, "ಊರಿಗೆ ಹೋಗಿ ಟೈರೆಲ್ಲ ಒಂದ್ಸಲ ತೋರ್ಸಿಬಿಡಿ ಸಾರ್" ಅಂದ.

ಮಾರನೆಯ ದಿನ ಟೈರ್ ಅಂಗಡಿಗೆ ಹೋದೆ. ಮೇಸ್ತ್ರಿ ಎಡ ಮುಂಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತು, ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಆಡಿಸಿದ. ಆಮೇಲೆ ಮೊದಲ ಪ್ರಶ್ನೆ: "ಗಾಳಿ ಹಿಡ್ಸಲ್ವಾ ಸಾರ್?"

ಎಲ್ಲರ ಮನೆಯ ದೋಸೆಯೂ ತೂತೇ ಎಂದು ಧೈರ್ಯ ತಂದುಕೊಂಡು ಒಪ್ಪಿಕೊಂಡೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ. ಆದರೆ ಪೆಟ್ರೋಲು ಹಾಕಿಸದೆ ಬರೀ ಗಾಳಿ ಹಿಡಿಸಿಕೊಂಡು ಬರುವುದೆಂದರೆ ನನಗೆ ವಿಪರೀತ ಸಂಕೋಚ, ಮುಯ್ಯಿ ಮಾಡದೆ ಊಟಕ್ಕೆ ಕೂತ ಹಾಗೆ. ಕಾರು ಓಡಿಸದಿದ್ದರೆ ಪೆಟ್ರೋಲು ಬೇಕಾಗುವುದಿಲ್ಲ. ಪೆಟ್ರೋಲು ಬೇಕಿಲ್ಲದಿದ್ದರೆ ಬಂಕಿಗೆ ಹೋಗುವುದಿಲ್ಲ. ಹೀಗಾಗಿ ಗಾಳಿಯೂ ಇಲ್ಲ. ಟೈರು ಸುಮ್ಮನೆ ನಿಂತಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ತನ್ನಷ್ಟಕ್ಕೆ ಸೋರುತ್ತದಂತೆ. ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ 33 ಎಂದಿತ್ತು, ಎಂಟು ವರ್ಷ ಅದನ್ನು ನಾನು ಗ್ಯಾರಂಟಿ ಚೀಟಿ ಅಂದುಕೊಂಡಿದ್ದೆ. ಮೇಸ್ತ್ರಿಯ ಮೀಟರಿನಲ್ಲಿ ಬಂದದ್ದು 19.

"ಗಾಳಿ ಕಮ್ಮಿ ಆದ್ರೆ ಎರಡು ಅಂಚೂ ತಿನ್ನುತ್ತೆ. ಜಾಸ್ತಿ ಆದ್ರೆ ನಡುವೆ ತಿನ್ನುತ್ತೆ. ಇದು ನೋಡಿ, ಅಂಚು ತಿಂದಿರೋದರ ಜೊತೆಗೆ ಒಳಗಡೆ ಸೈಡು ಇನ್ನೂ ಜಾಸ್ತಿ ತಿಂದಿದೆ." ಟೈರಿನವರ ಭಾಷೆಯಲ್ಲಿ ಸವೆಯುವುದು ಎಂಬ ಮಾತೇ ಇಲ್ಲ, ಎಲ್ಲವೂ ತಿನ್ನುವುದೇ. ತಿನ್ನುವವರು ಯಾರು ಎಂದು ಮಾತ್ರ ಅವರು ಬಾಯಿಬಿಟ್ಟು ಹೇಳುವುದಿಲ್ಲ. ಗಿರಾಕಿಯ ಮುಖ ನೋಡುತ್ತಾರೆ, ಅಷ್ಟೆ.

ಬೆರಳು ಹಿಡಿದು ಟೈರಿನ ಗಾಡಿಯೊಳಗೆ ತೋರಿಸಿದ. ಗಾಡಿ ಎಂದರೆ ಅಲ್ಲಿನ ಉದ್ದುದ್ದ ಕಾಲುವೆ. ಅದರ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ರಬ್ಬರಿನ ಒಂದು ಪುಟ್ಟ ಬದು ಇರುತ್ತದೆ. ಹೊಸ ಟೈರಿನಲ್ಲಿ ಕಾಲುವೆಯ ಆಳ ಸುಮಾರು 8 ಮಿಲಿಮೀಟರ್. ಸವೆದು ಸವೆದು ಮೇಲ್ಮೈ ಆ ಬದುವಿನ ಸಮಕ್ಕೆ ಬಂತೆಂದರೆ ಉಳಿದಿರುವುದು 1.6 ಮಿಲಿಮೀಟರ್, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ನನ್ನ ಟೈರಿನ ನಡುಭಾಗದಲ್ಲಿ ಇನ್ನೂ 5 ಇತ್ತು, ಒಳಅಂಚು ಬದುವಿಗಿಂತ ಕೆಳಗೆ ಇಳಿದು ನುಣ್ಣಗಾಗಿತ್ತು. ಪಾಸಾದ ವಿಷಯಗಳ ಸರಾಸರಿಯ ಮೇಲೆ ಬಿಟ್ಟುಬಿಡಿ ಎಂದು ಕೇಳಿ ನೋಡಿದೆ. ಆಗಲಿಲ್ಲ.

"ಅಲೈನ್‌ಮೆಂಟ್ ಹೋಗಿದೆ. ಎಲ್ಲಾದ್ರೂ ಜೋರಾಗಿ ಕುಟ್ಟಿದ್ರಾ?"

ಕುಟ್ಟುವುದು ಎಲ್ಲಾದರೂ ಅಲ್ಲ, ನಮ್ಮ ಗೇಟಿನಲ್ಲೇ. ಮನೆಯ ಮುಂದೆ ಮೋರಿ, ಮೋರಿಯ ಮೇಲೆ ಚಪ್ಪಡಿ, ಚಪ್ಪಡಿಗೂ ರಸ್ತೆಗೂ ನಡುವೆ ಒಂದು ಗೇಣು ಎತ್ತರದ ಮನಸ್ತಾಪ. ರಸ್ತೆಯೋ ಕಾರು ತಿರುಗಿಸಲು ಸಾಲದಷ್ಟು ಕಿರಿದು. ಕಾರು ಒಳಗೆ ಹೋಗಬೇಕಾದರೆ ಹೆಂಡತಿ ಕಾಂಪೌಂಡಿನ ಮೂಲೆಯಲ್ಲಿ ನಿಂತು, "ಬನ್ನಿ, ಬನ್ನಿ, ಬನ್ನಿ" ಅನ್ನುತ್ತಾಳೆ. ಎಡ ಮುಂಚಕ್ರ ಚಪ್ಪಡಿಗೆ ಧಡಾರೆಂದು ಬಡಿದಮೇಲೆ "ರೀ, ಸಾಕು" ಅನ್ನುತ್ತಾಳೆ. ಅಲ್ಲಿಂದ ಮುಂದೆ ಕಾರು ನಿಂತಲ್ಲೇ ನಿಂತಿರುವಾಗ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಚಿ ತಿರುಚಿ ಒಳಗೆ ಸೇರಿಸುತ್ತೇನೆ. ನಿಂತ ಕಾರಿನ ಚಕ್ರ ತಿರುಗಿಸಿದರೆ ಅಷ್ಟೂ ಭಾರ ಹೊತ್ತ ರಬ್ಬರು ಒಂದೇ ಜಾಗದಲ್ಲಿ ನೆಲಕ್ಕೆ ಉಜ್ಜುತ್ತದೆ. ಇನ್ನು ಗುದ್ದು ತಿಂದು ಚಕ್ರ ಕೂದಲೆಳೆಯಷ್ಟು ಓರೆಯಾದರೂ ಸಾಕು, ಟೈರು ಬರೀ ಉರುಳುವುದಿಲ್ಲ, ತುರಿಮಣೆಗೆ ಕೊಟ್ಟ ತೆಂಗಿನಕಾಯಿಯ ಹಾಗೆ ಪ್ರತಿ ಮೀಟರಿಗೂ ಒಂದಿಷ್ಟು ತನ್ನನ್ನು ತಾನೇ ತುರಿದುಕೊಂಡು ಹೋಗುತ್ತದೆ. ಅದರಲ್ಲೂ ನಮ್ಮಂಥ ಕಾರುಗಳಲ್ಲಿ ಗಾಡಿ ಎಳೆಯುವುದು, ತಿರುಗುವುದು, ಬ್ರೇಕಿನ ಬಹುಪಾಲು ತಾಳಿಕೊಳ್ಳುವುದು ಎಲ್ಲ ಮುಂದಿನ ಎರಡು ಚಕ್ರಗಳೇ. ಹಿಂದಿನವು ಅತ್ತೆಮನೆಗೆ ಬಂದ ಅಳಿಯನ ಹಾಗೆ ಸುಮ್ಮನೆ ಜೊತೆಯಲ್ಲಿ ಬರುತ್ತವೆ. ಅದಕ್ಕೇ 10,000 ಕಿಲೋಮೀಟರಿಗೊಮ್ಮೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಬೇಕು. ನಾನು ಹಾಕಿಸಿರಲಿಲ್ಲ. ಬ್ಯಾಂಕಿನಲ್ಲಿ ಮೂರು ವರ್ಷಕ್ಕೊಮ್ಮೆ ವರ್ಗಾವಣೆಗೆ ಬೈದುಕೊಂಡು ಓಡಾಡಿದ ಮನುಷ್ಯ ನಾನು, ಟೈರಿಗೆ ಆ ಕಷ್ಟ ಯಾಕೆ ಎಂದು ಬಿಟ್ಟಿದ್ದೆ.

"ಹಂಗಾದ್ರೆ ಮುಂದಿನ ಎರಡು ಹಾಕ್ಬಿಡಪ್ಪ" ಅಂದೆ. ಮೇಸ್ತ್ರಿ ಉತ್ತರ ಕೊಡದೆ ಹಿಂದಿನ ಟೈರಿನ ಪಕ್ಕೆಯ ಧೂಳು ಒರೆಸಿ, ಉಬ್ಬಿದ ಅಕ್ಷರಗಳ ಕೊನೆಯ ನಾಲ್ಕು ಅಂಕಿ ತೋರಿಸಿದ. 3517. ಇದು ಟೈರಿನ ಜಾತಕ: 2017ನೇ ಇಸವಿಯ 35ನೇ ವಾರದ ಜನನ. ಆ ಅಂಕಿಯ ಸುತ್ತ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಬಿರುಕು. ಪೋರ್ಟಿಕೋದಲ್ಲಿ ಮಧ್ಯಾಹ್ನದ ಬಿಸಿಲು ಬೀಳುವ ಕಡೆಯ ಟೈರಿನಲ್ಲಿ ಬಿರುಕು ಇನ್ನೂ ಜಾಸ್ತಿ. "ಓಡಿಸಿಲ್ಲ ಅಂತ ವಯಸ್ಸು ನಿಲ್ಲುತ್ತಾ ಸಾರ್?"

ಈ ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬಂದು ಎದುರುಮನೆಯವರನ್ನು ಕಾಫಿಗೆ ಕರೆದೆ. ಅವರು ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೈಸೂರಿನಲ್ಲಿ ಹುಡುಗನಿಗೆ ವಿಕ್ರಾಂತ್‌ನಲ್ಲಿ ಕೆಲಸ ಎಂದರೆ ಜಾತಕ ತರಿಸಿಕೊಳ್ಳುತ್ತಿದ್ದ ಕಾಲವೊಂದಿತ್ತು. ಇಪ್ಪತ್ತು ವರ್ಷ ಎದುರುಬದುರು ಇದ್ದೂ ಅವರ ಜೊತೆ ನಾನು ಮಾತಾಡಿದ್ದು ಕಾವೇರಿ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂಬುದನ್ನು ಮಾತ್ರ. ಅವರು ವಿವರಿಸಿದರು: ಬಿಸಿಲು, ಗಾಳಿಯಲ್ಲಿರುವ ಓಝೋನು ರಬ್ಬರನ್ನು ಬಿರಿಯಿಸುತ್ತವೆ. ಅದಕ್ಕೆಂದೇ ಟೈರಿನ ರಬ್ಬರಿನಲ್ಲಿ ಮೇಣದಂಥ ರಕ್ಷಕಗಳನ್ನು ಬೆರೆಸಿರುತ್ತಾರೆ. ಟೈರು ಉರುಳುತ್ತ, ಬಳುಕುತ್ತ ಇದ್ದರೆ ಅವು ಒಳಗಿನಿಂದ ಮೇಲಕ್ಕೆ ಜಿನುಗಿ ಪದರ ಕಟ್ಟುತ್ತವೆ. ನಿಂತೇ ಇದ್ದರೆ ಆ ಜಿನುಗು ಕಡಿಮೆ, ಮೈ ಒಣಗಿ ಸೀಳುತ್ತದೆ. "ಓಡಾಡ್ತಾ ಇದ್ರೇನೇ ಅದು ಗಟ್ಟಿಯಾಗಿರೋದು ನೋಡಿ" ಎಂದರು. ಕಾಫಿ ತಂದಿಟ್ಟ ನನ್ನ ಹೆಂಡತಿ ನನ್ನ ಆರಾಮಕುರ್ಚಿಯ ಕಡೆಗೊಮ್ಮೆ ನೋಡಿ ಒಳಗೆ ಹೋದಳು.

ಅದೇ ಓಘದಲ್ಲಿ, ಪ್ರತಿ ಆಯುಧಪೂಜೆಗೆ ಡೀಸೆಲ್ ಅದ್ದಿದ ಬಟ್ಟೆಯಿಂದ ಟೈರು ಉಜ್ಜಿ ಹೊಳೆಯಿಸುತ್ತಿದ್ದುದನ್ನೂ ಅವರಿಗೆ ಹೇಳಿಕೊಂಡೆ. ಅವರು ಲೋಟ ಕೆಳಗಿಟ್ಟರು. ರಬ್ಬರಿಗೂ ಆ ಎಣ್ಣೆಗಳಿಗೂ ಆಗಿಬರುವುದಿಲ್ಲವಂತೆ, ರಬ್ಬರು ಊದಿ ಮೆತ್ತಗಾಗುತ್ತದಂತೆ. ಸೋಪುನೀರು ಸಾಕಿತ್ತಂತೆ.

ನಾಲ್ಕೂ ಟೈರು ಹೊಸದಾಯಿತು. ಅಂಗಡಿಯಲ್ಲಿ "ನೈಟ್ರೋಜನ್ ಹಾಕ್ಲಾ ಸಾರ್?" ಎಂದರು. ಸುಮ್ಮನೆ ಸಿಗುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಉಳಿದ 22ಕ್ಕೆ ದುಡ್ಡು ಕೊಡುವ ಪೈಕಿ ನಾನಲ್ಲ ಎಂದೆ. ಅಷ್ಟು ಹೊತ್ತಿನಲ್ಲಿ ನನಗೆ ಸಿಕ್ಕ ಒಂದೇ ಗೆಲುವು ಅದು. ಭಾವಮೈದುನ ಸಂಜೆ ಬಂದು ಹೊಸ ಟೈರನ್ನು ಕಾಲಿನಿಂದ ತಟ್ಟಿ ನೋಡಿದ. ಅವನ ಗುಟ್ಟು ದೊಡ್ಡದೇನಲ್ಲ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಗಾಡಿ ಓಡಿ ಟೈರು ಬಿಸಿಯಾಗುವ ಮುಂಚೆ ಗಾಳಿ ನೋಡಿಸುತ್ತಾನೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋಗುತ್ತಾನೆ, ಸುಮ್ಮಸುಮ್ಮನೆ ಬ್ರೇಕು ಒತ್ತುವುದಿಲ್ಲ. "ಮತ್ತೆ ಪೆಟ್ರೋಲು ಹಾಕಿಸದೆ ಬರೀ ಗಾಳಿ ಕೇಳೋಕೆ ನಿನಗೆ ಏನೂ ಅನ್ಸಲ್ವಾ?" ಎಂದೆ. "ಏನು ಅನ್ಸಬೇಕು ಭಾವ?" ಎಂದ. ಅಕ್ಕನ ಮುಖದಲ್ಲಿ ಆ ಸಂಜೆಯಷ್ಟು ಕಾಂತಿ ಅವಳ ಮದುವೆಯ ಫೋಟೋದಲ್ಲೂ ಇಲ್ಲ.

ಸ್ಟೆಪ್ನಿಯೂ 3517ರ ಬಳಗದ್ದೇ. ಅದಕ್ಕೂ ವಯಸ್ಸಾಗಿದೆ, ಆದರೆ ಐದನೆಯದನ್ನು ಹಾಕಿಸಲು ನನ್ನ ಕೈ ಬರಲಿಲ್ಲ. ಗಾಳಿ ಮಾತ್ರ ಹಿಡಿಸಿದೆ. ಮೊನ್ನೆ ಆಯುಧಪೂಜೆಗೆ ಸೋಪುನೀರಿನಲ್ಲಿ ಟೈರು ತೊಳೆದು, ದೇವರಾಜ ಮಾರುಕಟ್ಟೆಯಿಂದ ಐದು ನಿಂಬೆಹಣ್ಣು ತಂದೆ. ಪ್ರತಿವರ್ಷ ನಾಲ್ಕು ಚಕ್ರಕ್ಕೆ ನಾಲ್ಕೇ ಇಡುತ್ತಿದ್ದದ್ದು, ಡಿಕ್ಕಿಯೊಳಗಿನದಕ್ಕೆ ಯಾವತ್ತೂ ಒಂದು ಕುಂಕುಮದ ಬೊಟ್ಟೂ ಬಿದ್ದಿರಲಿಲ್ಲ. ಮಂಗಳಾರತಿ ಆಯಿತು. ಕಾರು ಹತ್ತಿ ನಾಲ್ಕನ್ನೂ ಪಚಪಚನೆ ಹಿಚುಕಿದೆ. ಇಳಿದು ಬಂದು ಡಿಕ್ಕಿ ತೆಗೆದು, ಐದನೆಯದು ಎಲ್ಲಿ ಎಂದು ಕೇಳಿದೆ.

"ಅದಾ? ಚಿತ್ರಾನ್ನಕ್ಕೆ ಹಿಂಡಿಬಿಟ್ಟೆ" ಅಂದಳು.