ಮುಖ್ಯ ಅತಿಥಿಗಳೂ ಮನೆಯ ಯಜಮಾನರೂ ಆದ ಮಹನೀಯರಿಗೆ ಒಂದು ಅಭಿನಂದನಾ ಪತ್ರ

ಇವರಿಗೆ,
ರಾಷ್ಟ್ರೀಯ ಹೆಣ್ಣು ಮಗು ದಿನಾಚರಣೆಯ ಮುಖ್ಯ ಅತಿಥಿಗಳು ಹಾಗೂ ಅದೇ ಸಂಜೆ ಮನೆಗೆ ಮರಳಿ ಯಜಮಾನರಾಗುವವರು.

ವಿಷಯ: ಹೆಣ್ಣುಮಕ್ಕಳ ಆತ್ಮವಿಶ್ವಾಸದ ವಿಚಾರದಲ್ಲಿ ಮಾನ್ಯರು ತೋರುತ್ತಿರುವ ದಕ್ಷತೆಯನ್ನು ಅಭಿನಂದಿಸುವ ಕುರಿತು.

ಮಾನ್ಯರೇ,

2008ರಿಂದ ಪ್ರತಿ ವರ್ಷ ಜನವರಿ 24ರಂದು ದೇಶದಾದ್ಯಂತ ನಡೆಯುವ ಈ ಆಚರಣೆಯಲ್ಲಿ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ ಮತ್ತು ಕಲ್ಪನಾ ಚಾವ್ಲಾ ಇವರನ್ನು ಒಂದೇ ಉಸಿರಿನಲ್ಲಿ ಸ್ಮರಿಸುವ ಪರಿಪಾಠವನ್ನು ಮಾನ್ಯರು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿರುವುದಕ್ಕೆ ನಾಡು ಋಣಿಯಾಗಿದೆ. ಓಬವ್ವನ ಕಥೆಯಲ್ಲಿ ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದನೆಂಬುದನ್ನೂ, ಆಕೆ ಯಾರ ಅಪ್ಪಣೆಗೂ ಕಾಯದೆ ತಾನೇ ನಿರ್ಧಾರ ಕೈಗೊಂಡಳೆಂಬುದನ್ನೂ ಭಾಷಣದಲ್ಲಿ ತುಸು ವೇಗವಾಗಿ ದಾಟಲಾಗುತ್ತದೆ. ಸಮಯಾಭಾವವೇ ಅದಕ್ಕೆ ಕಾರಣವಿರಬೇಕು.

ಭಾಷಣಕ್ಕಿಂತಲೂ ಅಧ್ಯಯನಕ್ಕೆ ಯೋಗ್ಯವಾದದ್ದು ವೇದಿಕೆಯ ವ್ಯವಸ್ಥೆ. ತರಗತಿಗೆ ಮೊದಲಿಗಳಾದ ವಿದ್ಯಾರ್ಥಿನಿಯು ಹಾರ, ಶಾಲು ಮತ್ತು ಮೈಸೂರು ಪೇಟವನ್ನಿರಿಸಿದ ಹರಿವಾಣ ಹಿಡಿದು ವೇದಿಕೆಯ ಅಂಚಿನಲ್ಲಿ ನಿಂತಿರುತ್ತಾಳೆ; ಒಬ್ಬ ಗಣ್ಯರ ಸನ್ಮಾನ ಮುಗಿದರೆ ಇನ್ನೊಬ್ಬರ ಸನ್ಮಾನಕ್ಕಾಗಿ ಹರಿವಾಣ ಮತ್ತೆ ತುಂಬುತ್ತದೆ, ಫೋಟೋಗ್ರಾಫರ್ ಕೈಸನ್ನೆ ಮಾಡಿದಾಗ ಆಕೆ ಚಿತ್ರದ ಚೌಕಟ್ಟಿನಿಂದ ಆಚೆ ಸರಿಯುತ್ತಾಳೆ. ಅದೇ ಹೊತ್ತಿಗೆ ಆಕೆಯ ಸಹಪಾಠಿ ಹುಡುಗನೊಬ್ಬ ಮೈಕಿನ ವೈರು ಎಳೆಯುತ್ತ, ಆಂಪ್ಲಿಫಯರಿನ ಗುಂಡಿ ತಿರುಗಿಸುತ್ತ, ಕೀರಲು ಸದ್ದು ಬಂದಾಗ ಎಲ್ಲರಿಂದ ಬೈಸಿಕೊಂಡು ಅದನ್ನು ಸರಿಪಡಿಸುತ್ತಾನೆ. ಹೆಣ್ಣುಮಕ್ಕಳ ಸಬಲೀಕರಣದ ಸಭೆಯಲ್ಲಿ ತಪ್ಪು ಮಾಡಿ ಕಲಿಯುವ ಅವಕಾಶ ದೊರೆತದ್ದು ಆ ಹುಡುಗನಿಗೆ ಮಾತ್ರ.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಸ್ವಸಾಮರ್ಥ್ಯ ವಿಶ್ವಾಸ ಎಂಬ ಪರಿಕಲ್ಪನೆಯನ್ನು, ಅಂದರೆ ಒಂದು ನಿರ್ದಿಷ್ಟ ಕೆಲಸವನ್ನು ತನ್ನಿಂದ ಮಾಡಿ ಮುಗಿಸಲು ಸಾಧ್ಯವೆಂದು ವ್ಯಕ್ತಿಯು ತನ್ನ ಬಗ್ಗೆ ಹೊಂದಿರುವ ನಂಬಿಕೆಯನ್ನು ವಿವರಿಸುತ್ತ, ಅದರ ಪ್ರಬಲ ಮೂಲ ಸ್ವತಃ ಮಾಡಿ ಗೆದ್ದ ಅನುಭವವೆಂದೂ, ಪರರ ಹುರಿದುಂಬಿಸುವ ಮಾತಿನ ಪ್ರಭಾವ ಅದಕ್ಕಿಂತ ದುರ್ಬಲವೆಂದೂ ಪ್ರತಿಪಾದಿಸಿದರು. ಮಾನ್ಯರು ಈ ಸಿದ್ಧಾಂತವನ್ನು ಓದದೆಯೇ ಕರಗತ ಮಾಡಿಕೊಂಡಿರುವುದು ಅಚ್ಚರಿಯ ಸಂಗತಿ. ಏಕೆಂದರೆ ಮಾತಿನ ಭಾಗವನ್ನು ಹೆಣ್ಣುಮಕ್ಕಳಿಗೆ ಧಾರಾಳವಾಗಿ ಹಂಚಿ, ಅನುಭವದ ಭಾಗವನ್ನು ಮಾತ್ರ ಮಾನ್ಯರು ಬಹು ಎಚ್ಚರಿಕೆಯಿಂದ ಗಂಡುಮಕ್ಕಳಿಗಾಗಿ ಕಾಯ್ದಿರಿಸಿದ್ದಾರೆ.

ಈ ಎಚ್ಚರಿಕೆಯ ನಿಜವಾದ ಕಾರ್ಯಕ್ಷೇತ್ರ ಮನೆ. ಬಂದ ನೆಂಟರು “ಯಾವ ಕ್ಲಾಸಮ್ಮಾ ನೀನು?” ಎಂದು ಮಗಳನ್ನು ಕೇಳಿದರೆ “ಒಂಬತ್ತನೇ ಕ್ಲಾಸು, ಸ್ವಲ್ಪ ಸಂಕೋಚ ಜಾಸ್ತಿ” ಎಂದು ತಂದೆಯೇ ಉತ್ತರಿಸಿಬಿಡುವುದರಿಂದ, ಬಾಯಿ ತೆರೆಯುವ ಶ್ರಮವೂ ಆಕೆಗೆ ತಪ್ಪುತ್ತದೆ, ಸಂಕೋಚದ ಸ್ವಭಾವದವಳೆಂಬ ಪ್ರಮಾಣಪತ್ರವೂ ದೊರೆಯುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬದಲಿಸುವುದು, ಬ್ಯಾಂಕಿನಲ್ಲಿ ಚಲನ್ ತುಂಬುವುದು, ಕಳಚಿದ ಸೈಕಲ್ ಚೈನನ್ನು ಕೈಗೆ ಮಸಿ ಹಚ್ಚಿಕೊಂಡು ಕೂರಿಸುವುದು, ಅಂಗಡಿಯವರು ಚಿಲ್ಲರೆ ಕಡಿಮೆ ಕೊಟ್ಟಾಗ ನಿಂತು ಕೇಳುವುದು ಮುಂತಾದ ಕೆಲಸಗಳನ್ನು “ನಿನಗ್ಯಾಕೆ ಬಿಡು, ಅಣ್ಣ ಮಾಡ್ತಾನೆ” ಎಂಬ ವಾತ್ಸಲ್ಯದ ಮಾತಿನಿಂದ ಆಕೆಯ ಕೈಯಿಂದ ಬಿಡಿಸಲಾಗುತ್ತದೆ. ಶಾಲೆಗೆ ಹೋಗಲೆಂದು ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಲ್ಲಿ ಕೆಲವಾದರೂ ಅಣ್ಣಂದಿರ ಕಾಲೇಜಿನ ದಾರಿ ಹಿಡಿದದ್ದು ಇದೇ ವಾತ್ಸಲ್ಯದ ವಿಸ್ತರಣೆ.

ಹಾಗೆಂದು ಆಕೆಯನ್ನು ಸುಮ್ಮನೆ ಕೂರಿಸಲಾಗಿದೆಯೆಂದು ಯಾರೂ ಆಕ್ಷೇಪಿಸುವಂತಿಲ್ಲ. ಆರು ವರ್ಷ ಮೇಲ್ಪಟ್ಟವರು ದಿನದ 24 ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ದಾಖಲಿಸುವ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ 2019ರ ವರದಿಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಅದರಲ್ಲಿ ತೊಡಗುವ ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು. ತೊಡಗುವ ಪುರುಷರೇ ನಾಲ್ವರಲ್ಲಿ ಒಬ್ಬರೆಂಬುದು ಬೇರೆ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳು ಮುದ್ರಿಸುವ “ಬಾಲಕಿಯರೇ ಮೇಲುಗೈ” ಎಂಬ ಶೀರ್ಷಿಕೆ ಈ ಮನೆಗೆಲಸದ ನಡುವೆ ಉಳಿಸಿಕೊಂಡ ಸಮಯದಿಂದ ಹುಟ್ಟಿದ್ದು.

ಇಷ್ಟಾದರೂ ಮಾನ್ಯರು ಮಗಳ ವಿವೇಚನೆಯಲ್ಲಿ ಪೂರ್ಣ ವಿಶ್ವಾಸವಿರಿಸುವ ಒಂದು ಸಂದರ್ಭವುಂಟು; ಅದು ಆಸ್ತಿಯದು. ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲು ಪಡೆಯುವವರನ್ನು ಸಹದಾಯಾದಿಗಳೆನ್ನುತ್ತಾರೆ. ಕರ್ನಾಟಕವು 1994ರಲ್ಲಿ ಜಾರಿಗೆ ತಂದ ತಿದ್ದುಪಡಿಯಿಂದ ಅವಿವಾಹಿತ ಹೆಣ್ಣುಮಕ್ಕಳಿಗೂ, ಕೇಂದ್ರದ 2005ರ ತಿದ್ದುಪಡಿಯಿಂದ ಮದುವೆಯಾದವರೂ ಸೇರಿ ಎಲ್ಲ ಹೆಣ್ಣುಮಕ್ಕಳಿಗೂ ಆ ಸ್ಥಾನ ದೊರೆಯಿತು. ಆ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕಾದಾಗ ಮಾತ್ರ ಸಂಕೋಚದ ಹುಡುಗಿ ಏಕಾಏಕಿ ಸ್ವತಂತ್ರ ನಿರ್ಧಾರ ಕೈಗೊಳ್ಳಬಲ್ಲ ಪ್ರಬುದ್ಧೆಯಾಗುತ್ತಾಳೆ, ಉಪನೋಂದಣಾಧಿಕಾರಿಗಳ ಕಚೇರಿಗೆ ಕಾರಿನಲ್ಲಿ ಕರೆತರಲ್ಪಡುತ್ತಾಳೆ, ಅರಿಶಿನ ಕುಂಕುಮದೊಂದಿಗೆ ಒಂದು ಸೀರೆಯನ್ನೂ ಪಡೆಯುತ್ತಾಳೆ.

ಆದ್ದರಿಂದ, ನೆಂಟರ ಪ್ರಶ್ನೆಗೆ ಮಗಳೇ ಉತ್ತರಿಸುವಷ್ಟು ಹೊತ್ತು ಮಾನ್ಯರು ಮೌನವಾಗಿರಬೇಕೆಂದೂ, ಮುಂದೆ ಅಂಥ ಹಕ್ಕು ಬಿಡುಗಡೆ ಪತ್ರ ಸಿದ್ಧವಾದಲ್ಲಿ ಸಹಿಗೆ ಮುನ್ನ ಅದರ ಕರಡನ್ನು ಆಕೆಯ ಕೈಗೆ ಕೊಟ್ಟು, ಆಕೆ ಓದಿ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿಟ್ಟುಕೊಳ್ಳಬೇಕೆಂದೂ ಈ ಮೂಲಕ ಕೋರಲಾಗಿದೆ.