ಬೈಕಿಗೆ ಹಬ್ಬಿದ ಬಸಳೆ

ಪತ್ತನಾಜೆಯ ದಿನ ನಮ್ಮೂರ ಕಡೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನಿಲ್ಲುತ್ತದೆ. ಮೇ 24ರ ಸುಮಾರಿಗೆ ಬರುವ ಅದೇ ದಿನ ನಾನೂ ನನ್ನ ಯೆಜ್ಡಿ ಬೈಕಿಗೆ ನೀಲಿ ಟರ್ಪಾಲು ಹೊದೆಸುತ್ತೇನೆ. ಮೇಳಕ್ಕೂ ನನಗೂ ವ್ಯತ್ಯಾಸ ಇಷ್ಟೆ. ದೀಪಾವಳಿ ಕಳೆದ ಮೇಲೆ ಮೇಳ ತಿರುಗಾಟಕ್ಕೆ ಹೊರಡುತ್ತದೆ. ನಾನು ಹೊರಡುತ್ತೇನೆಂದು ಹೇಳುತ್ತಾ ಇರುತ್ತೇನೆ.

ಹೊರಡದಿರುವುದಕ್ಕೆ ಮಳೆಗಾಲದಲ್ಲಿ ಕಾರಣ ಹುಡುಕಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು. ಜಾವಾ-ಯೆಜ್ಡಿಯ ಅಭಿಮಾನಿಗಳು ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಊರೂರಲ್ಲಿ ಬೈಕು ತೊಳೆದು, ಹೊಳೆಯಿಸಿ, ಸಾಲಾಗಿ ಮೆರವಣಿಗೆ ಹೊರಡುತ್ತಾರೆ. ಆ ಭಾನುವಾರ ಬಂಟ್ವಾಳದಲ್ಲಿ ನಾನು ಏನು ಮಾಡುತ್ತಿರುತ್ತೇನೆ ಎಂದರೆ, ನೇತ್ರಾವತಿಯ ನೀರು ಎಲ್ಲಿವರೆಗೆ ಬಂತು ಎಂದು ನೋಡಿ ಬಂದು, 1974ರ ನೆರೆಯ ಕತೆಯನ್ನು ಹೆಂಡತಿಗೆ ಇನ್ನೊಮ್ಮೆ ಹೇಳುತ್ತಿರುತ್ತೇನೆ. ಅವಳು ಅದನ್ನು ಕೇಳುವಂತೆ ಕಾಣಿಸುತ್ತಾ ಬೈಕಿನ ಕನ್ನಡಿಗೆ ಹಗ್ಗ ಕಟ್ಟುತ್ತಿರುತ್ತಾಳೆ.

ಹಗ್ಗದ ವಿಷಯ ಹೇಳಬೇಕು. ಆಟಿ ತಿಂಗಳಲ್ಲಿ ಒದ್ದೆ ಬಟ್ಟೆ ಒಣಗಿಸುವುದೆಂದರೆ ನಮ್ಮಲ್ಲಿ ಸಣ್ಣ ಸಂಗತಿಯಲ್ಲ. ಕೊಟ್ಟಿಗೆಯ ಒಂದು ಕಂಬದಿಂದ ಹೊರಟ ನೈಲಾನ್ ಹಗ್ಗ ಬೈಕಿನ ಬಲಗನ್ನಡಿಗೆ ಒಂದು ಸುತ್ತು ಹಾಕಿ ಆಚೆ ಕಂಬಕ್ಕೆ ಹೋಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬೈಕುಗಳ ಬಗ್ಗೆ ಬರೆದವರೆಲ್ಲ ಅದರ ಸದ್ದನ್ನು, ಜೋಡಿ ಸೈಲೆನ್ಸರನ್ನು ಹೊಗಳಿದ್ದಾರೆ. ಆರು ಲುಂಗಿ, ನಾಲ್ಕು ನೈಟಿ, ಒಂದು ಕಂಬಳಿಯ ಭಾರವನ್ನು ಅದರ ಕನ್ನಡಿ ಅಲುಗಾಡದೆ ಹೊರುತ್ತದೆ ಎಂಬುದನ್ನು ಯಾರೂ ದಾಖಲಿಸಿದಂತಿಲ್ಲ. ನಾನು ದಾಖಲಿಸುತ್ತಿದ್ದೇನೆ.

ಈ ಸಲ ಆಯುಧಪೂಜೆಯ ಬೆಳಿಗ್ಗೆ ಟರ್ಪಾಲು ಸರಿಸಿದಾಗ ಬೈಕು ಹಸಿರಾಗಿತ್ತು. ಪಾಚಿ ಎಂದುಕೊಂಡೆ. ಪಾಚಿಯೂ ಇತ್ತು, ಆದರೆ ಮುಖ್ಯವಾಗಿ ಅದು ಬಸಳೆ. ಹೆಂಡತಿ ಕೊಟ್ಟಿಗೆಯ ಪಕ್ಕ ಊರಿದ್ದ ಬಳ್ಳಿ ಚಪ್ಪರ ಸಿಗದೆ ಟರ್ಪಾಲಿನ ಅಡಿಯಿಂದ ನುಗ್ಗಿ, ಹಿಂದಿನ ಚಕ್ರದ ಕಡ್ಡಿಗಳಲ್ಲಿ ಹೆಣೆದು, ಸೀಟು ದಾಟಿ, ಹ್ಯಾಂಡಲಿನ ಎರಡೂ ಕೊಂಬಿಗೆ ಸುತ್ತಿ ದಷ್ಟಪುಷ್ಟವಾಗಿ ಬೆಳೆದಿತ್ತು. ಕೀಳಲು ಹೋದವನನ್ನು ಅವಳು ತಡೆದಳು. “ಇವತ್ತು ಬೇಡ. ಭಾನುವಾರ ಕೊಯ್ಯುವ. ಸಾರು ಮಾಡ್ಲಿಕ್ಕೆ ಆಗ್ತದೆ.” ಹಾಗಾಗಿ ಬಸಳೆಯ ಮೇಲೆಯೇ ಕುಂಕುಮ ಹಚ್ಚಿದೆ. ಹೂಮಾಲೆಯ ಖರ್ಚು ಉಳಿಯಿತು.

ಭಾನುವಾರದ ಯೋಜನೆ ದೊಡ್ಡದಿತ್ತು. ಮೂರು ತಾಲೂಕು, ಒಂದು ಸುತ್ತು. ಬಂಟ್ವಾಳದಿಂದ ಪುಂಜಾಲಕಟ್ಟೆ, ಗುರುವಾಯನಕೆರೆ, ಅಲ್ಲಿಂದ ವೇಣೂರು, ಅಲ್ಲಿಂದ ಮೂಡುಬಿದಿರೆ, ಸಿದ್ಧಕಟ್ಟೆ ಮಾರ್ಗವಾಗಿ ಮನೆ. ತೊಂಬತ್ತು ಕಿಲೋಮೀಟರಿನ ಆಸುಪಾಸು. ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ‘ರೈಡ್ ಹೋಗ್ತಿದ್ದೇವೆ’ ಎಂದೆ. ಅವನು ಮೊಣಕಾಲಿನ ಗಾರ್ಡು, ಜಾಕೆಟ್ಟು, ಗ್ಲೌಸು ಎಂದೆಲ್ಲ ವಿಚಾರಿಸಿದ. ಹಿಂದಿನಿಂದ ಹೆಂಡತಿ, “ನಿಮ್ಮಪ್ಪನಿಗೆ ಮಫ್ಲರ್ ಉಂಟು ಅಂತ ಹೇಳಿ” ಎಂದಳು. ಅವಳ ಮಾತುಗಳು ತುಳುವಿನಲ್ಲಿ ಇನ್ನೂ ಖಾರ. ಕನ್ನಡಕ್ಕೆ ತರುವಾಗ ನಾನು ಅಲ್ಲಲ್ಲಿ ನೀರು ಬೆರೆಸಿದ್ದೇನೆ.

ಬಸಳೆಯನ್ನು ಅವಳೇ ಕತ್ತಿಯಿಂದ ಕೊಯ್ದು ಬಕೆಟಿನ ನೀರಿನಲ್ಲಿಟ್ಟಳು. ನಾನು ಒದೆಯತೊಡಗಿದೆ. ಈ ಬೈಕಿನಲ್ಲಿ ಒಂದು ವಿಶೇಷ ಉಂಟು: ಕಿಕ್ಕರ್ರೂ ಗೇರೂ ಒಂದೇ ಲಿವರ್. ಎಬ್ಬಿಸುವಾಗ ಅದನ್ನೇ ಒದೆಯಬೇಕು, ಎದ್ದ ಮೇಲೆ ಅದನ್ನೇ ಮಡಚಿ ಗೇರು ಹಾಕಬೇಕು. ನಮ್ಮ ಮನೆಯಲ್ಲಿ ಆ ಲಿವರಿನ ಹುದ್ದೆ ನನ್ನದು. ಒದೆಸಿಕೊಳ್ಳುವವನೂ ನಾನೇ, ಆಮೇಲೆ ಓಡಾಡಿ ಸಾಮಾನು ತರುವವನೂ ನಾನೇ. ಹದಿನೇಳನೆಯ ಒದೆತಕ್ಕೆ ಬೈಕು ಎದ್ದಿತು. ಲೆಕ್ಕ ಇಟ್ಟವಳು ಅವಳು. ತಪ್ಪು ಬೈಕಿನದ್ದಲ್ಲ. ಐದು ತಿಂಗಳು ಮಲಗಿಸಿಟ್ಟರೆ ನಾನಾದರೂ ಹದಿನೇಳಕ್ಕೆ ಏಳುತ್ತಿದ್ದೆನೇ?

ಮಲ್ಲಿಗೆ ಮುಡಿದು ಬಂದವಳು ಹೆಲ್ಮೆಟ್ ನೋಡಿ, ಹೂವು ತೆಗೆದು ಟ್ಯಾಂಕಿನ ಮುಚ್ಚಳಕ್ಕೆ ಸುತ್ತಿದಳು. ಹೊರಟೆವು.

ಇನ್ನು ನಾಲ್ಕು ಮಾತು ತಮಾಷೆ ಬಿಟ್ಟು ಹೇಳುತ್ತೇನೆ. ಮಳೆ ಬಿಟ್ಟ ಹೊಸತರಲ್ಲಿ ಬೆಳಿಗ್ಗೆ ಏಳು ಗಂಟೆಗೆ ಈ ಸೀಮೆಯಲ್ಲಿ ಬೈಕು ಬಿಡುವ ಸುಖವನ್ನು ಮೊದಲು ತಿಳಿಯುವುದು ಮೊಣಕಾಲು. ಬೈಲಿನ ಪಕ್ಕ ಹೋಗುವಾಗ ಏಣೆಲು ಬೆಳೆಯ ಮೇಲಿನ ಎಳೆಬಿಸಿಲು ಕಾಲಿಗೆ ಬೆಚ್ಚಗೆ ತಾಗುತ್ತದೆ. ಮರುಕ್ಷಣ ರಸ್ತೆ ಅಡಿಕೆ ತೋಟದ ನಡುವೆ ಇಳಿದರೆ ಬಾವಿಗೆ ಕಾಲು ಇಳಿಬಿಟ್ಟಷ್ಟು ತಂಪು. ಗುಡ್ಡೆ ಹತ್ತಿದರೆ ಪುನಃ ಬಿಸಿಲು. ಬೈಲು, ತೋಟ, ಗುಡ್ಡೆ. ಬೈಲು, ತೋಟ, ಗುಡ್ಡೆ. ಮುರಕಲ್ಲು ಕಡಿದ ದರೆಯ ಪಾಚಿ ಇನ್ನೂ ಒಣಗಿರುವುದಿಲ್ಲ, ಅದರ ಮೇಲೆ ನೀರು ಹನಿಯುತ್ತಿರುತ್ತದೆ. ಬಚ್ಚಲ ಹಂಡೆಯ ಅಡಿಯಲ್ಲಿ ಉರಿಯುವ ತೆಂಗಿನ ಸಿಪ್ಪೆಯ ಹೊಗೆ ರಸ್ತೆಗೆ ಅಡ್ಡಲಾಗಿ ತೂಗುತ್ತಿರುತ್ತದೆ. ಬೆಳ್ತಂಗಡಿ ಸೀಮೆ ಹೊಕ್ಕಿದ್ದು ತಿಳಿಯಲು ಬೋರ್ಡು ಓದಬೇಕಾಗಿಲ್ಲ. ಬೇಲಿಗೆ ನೇತುಹಾಕಿದ ರಬ್ಬರ್ ಶೀಟಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಕಾರಿನ ಗಾಜಿನೊಳಗೆ ಇದ್ಯಾವುದೂ ಬರುವುದಿಲ್ಲ. ನಮಗೆ ಕಾರಿಲ್ಲ ಎಂಬುದು ಬೇರೆ ವಿಷಯ.

ಈ ಸುಖ ವಗ್ಗದವರೆಗೆ ನಿರಾತಂಕವಾಗಿ ಸಾಗಿತು. ಅಲ್ಲಿ ಕಾರಿಂಜದ ಬಂಡೆ ಕಂಡಿತು. ನಾನು ಹುರುಪಿನಲ್ಲಿ, “ಬೆಳ್ತಂಗಡಿಗೆ ಹೋದರೆ ಗಡಾಯಿಕಲ್ಲನ್ನೂ ಹತ್ತಬಹುದು. 1794ರಲ್ಲಿ ಟಿಪ್ಪು ಕಟ್ಟಿಸಿದ ಕೋಟೆ. ತಾಯಿಯ ನೆನಪಿಗೆ ಜಮಾಲಾಬಾದ್ ಅಂತ ಹೆಸರಿಟ್ಟದ್ದು” ಎಂದೆ.

“ಹೋದ ವರ್ಷ ಕಾರಿಂಜದ ಮೆಟ್ಟಿಲು ಹತ್ತಿ ಮೂರು ದಿನ ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಂಡದ್ದು ಯಾರು ಮಾರಾಯ್ರೇ? ಟಿಪ್ಪುವಾ?”

ಗಡಾಯಿಕಲ್ಲು ಯೋಜನೆಯಿಂದ ಬಿಟ್ಟುಹೋಯಿತು. ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಸಜ್ಜಿಗೆ-ಬಜಿಲ್ ತಿಂದೆವು. ಗುರುವಾಯನಕೆರೆಯಲ್ಲಿ ಕೆರೆ ನೋಡಿದೆವು. ಮಧ್ಯೆ ಎರಡು ಕಡೆ ಅವಳ ಚಿಕ್ಕಮ್ಮನ ಕಡೆಯವರು ಸಿಕ್ಕಿದರು. ಈ ಮೂರು ತಾಲೂಕಿನಲ್ಲಿ ಅವಳಿಗೆ ಚಿಕ್ಕಮ್ಮನ ಕಡೆಯವರಿಲ್ಲದ ತಿರುವು ಇಲ್ಲ. ನನಗೆ ರೈಡ್ ಎಂದರೆ ನಿಲ್ಲದೆ ಹೋಗುವುದು. ಅವಳಿಗೆ ಬೈಕು ಎಂದರೆ ಎಲ್ಲಿ ಬೇಕಾದರೂ ನಿಲ್ಲಿಸಲಿಕ್ಕೆ ಆಗುವ ಬಸ್ಸು.

ವೇಣೂರಿನ ಬಾಹುಬಲಿಯ ಎದುರು ನಿಂತಾಗ ನನ್ನೊಳಗಿನ ಮಾಸ್ಟ್ರು ಎದ್ದ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಚರಿತ್ರೆ ನನ್ನ ಚಟ. 35 ಅಡಿ ಎತ್ತರ, ಏಕಶಿಲೆ, 1604ರಲ್ಲಿ ಅಜಿಲರ ತಿಮ್ಮಣ್ಣರಸ ನಿಲ್ಲಿಸಿದ್ದು, 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ, ಕಳೆದದ್ದು 2024ರಲ್ಲಿ. ಎಲ್ಲ ಒಪ್ಪಿಸಿದೆ. ಅವಳು ಮೂರ್ತಿಯ ಕಾಲಿನ ಕಡೆಗೇ ನೋಡುತ್ತಿದ್ದಳು.

“ಆ ಬಳ್ಳಿ ಯಾಕೆ?”

“ಅದಾ? ಅಲುಗಾಡದೆ ತಪಸ್ಸಿಗೆ ನಿಂತದ್ದಲ್ವಾ, ಕಾಲಿಗೆ ಬಳ್ಳಿ ಹಬ್ಬಿತು.”

ಅವಳು ಕೈಮುಗಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಬಾಹುಬಲಿಗೆ ಹಬ್ಬಿದ್ದು ತಪಸ್ಸಿನಿಂದ. ನಿಮ್ಮ ಬೈಕಿಗೆ ಹಬ್ಬಿದ್ದು ಉದಾಸೀನದಿಂದ.”

ಮೂವತ್ತೈದು ಅಡಿ ಎತ್ತರದಲ್ಲಿ ಆ ಮಂದಹಾಸ ಒಂಚೂರು ಅಗಲವಾದಂತೆ ನನಗೆ ಕಂಡಿತು.

ವೇಣೂರು ದಾಟಿ ಐದಾರು ಕಿಲೋಮೀಟರು ಹೋಗಿರಬೇಕು. ಬೈಕು ಎರಡು ಸಲ ಕೆಮ್ಮಿ ನಿಂತಿತು. ಗಾಬರಿಯಾಗಲಿಲ್ಲ, ಇಂಥ ಘಳಿಗೆಗಾಗಿಯೇ ನಾನು ವಿಜ್ಞಾನ ಓದಿದ್ದು. ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಕರವಸ್ತ್ರದಲ್ಲಿ ಒರೆಸುತ್ತಾ ಹೆಂಡತಿಗೆ ಅಂತರ್ದಹನ ಎಂಜಿನಿನ ತತ್ವ ವಿವರಿಸಿದೆ. ಪ್ರತಿವರ್ಷ ಮಕ್ಕಳಿಗೆ ಹೇಳುವುದು ನಾಲ್ಕು ಸ್ಟ್ರೋಕಿನ ಪಾಠ. ನನ್ನ ಬೈಕಿಗಿರುವುದು ಎರಡೇ ಸ್ಟ್ರೋಕ್ ಆದ್ದರಿಂದ ಪಾಠ ಬೇಗ ಮುಗಿಯಿತು. ಪ್ಲಗ್ ಹಾಕಿ ಒದೆದೆ. ಮಫ್ಲರ್ ತೆಗೆದು ಒದೆದೆ. ಅವಳು ಒಂದು ಮೋರಿಯ ಕಟ್ಟೆ ನೋಡಿ ಕುಳಿತುಕೊಂಡಳು. ಅವಳಿಗೆ ಒಳ್ಳೆಯ ಜಾಗ ಬೇಗ ಸಿಗುತ್ತದೆ.

ಆಗ ತಿರುವಿನಾಚೆಯಿಂದ ಪೋಂ ಪೋಂ ಎಂದು ಕೇಳಿತು. ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡ ಬೈಕಿನವರು. ನಿಲ್ಲಿಸಿದರು, ಇಳಿದರು. ಏನೂ ಕೇಳದೆ ಬಗ್ಗಿ ಟ್ಯಾಂಕಿನ ಅಡಿಗೆ ಕೈ ಹಾಕಿ ಪೆಟ್ರೋಲ್ ಕಾಕನ್ನು ಒಂದು ಬಾರಿ ತಿರುಗಿಸಿದರು.

“ರಿಸರ್ವಿಗೆ ಬಂದದ್ದು ಸಾರ್. ಒಮ್ಮೆ ಒದೆಯಿರಿ.”

ಎರಡನೆಯದಕ್ಕೆ ಎದ್ದಿತು. ಹೊರಡುವ ಮೊದಲು ಪೆಟ್ರೋಲ್ ನೋಡಲಿಲ್ಲವೇ ಎಂದರೆ ನೋಡಿದ್ದೆ; ಟ್ಯಾಂಕನ್ನು ಅಲ್ಲಾಡಿಸಿ ಕಿವಿಯಿಟ್ಟಾಗ ಗುಳುಗುಳು ಎಂದಿತ್ತು. ಅದಕ್ಕಿಂತ ನಿಖರವಾದ ಅಳತೆ ಆ ಹೊತ್ತಿಗೆ ತೋಚಿರಲಿಲ್ಲ.

“ಸಾರಿಗೆ ಎಂತ ಕೆಲಸ?” ಎಂದು ಅವರು ಕೇಳಿದರು.

ನಾನು ಬೇರೇನಾದರೂ ಹೇಳುವಷ್ಟರಲ್ಲಿ ಹೆಂಡತಿ, “ಸಯನ್ಸ್ ಮಾಸ್ಟ್ರು” ಎಂದುಬಿಟ್ಟಳು. ಒಳ್ಳೆಯ ಮನುಷ್ಯ. ನಗಲಿಲ್ಲ. ತಿರುಗಿ ನಿಂತು ಪೆಟ್ಟಿಗೆಯ ಮುಚ್ಚಳ ಸರಿಮಾಡತೊಡಗಿದರು. ಮುಚ್ಚಳ ಸರಿಯಾಗಿಯೇ ಇತ್ತು.

ಮುಚ್ಚಳ ತೆರೆದದ್ದೇ ನನ್ನ ರೈಡಿಗೆ ಮುಳುವಾಯಿತು. ಒಳಗೆ ಮಂಜುಗಡ್ಡೆಯ ನಡುವೆ ಬಂಗುಡೆ. ಪಕ್ಕದಲ್ಲಿ ಎಟ್ಟಿ, ಎಂದರೆ ಸಿಗಡಿ. ಹೆಂಡತಿಯ ಕಣ್ಣಲ್ಲಿ ಒಂದು ಲೆಕ್ಕ ಓಡಿದ್ದು ನನಗೆ ಕಂಡಿತು. ಬಸಳೆ ಬಕೆಟಿನಲ್ಲಿ ಉಂಟು. ಎಟ್ಟಿ ಇಲ್ಲಿ ಉಂಟು. ಇವೆರಡೂ ಒಂದೇ ದಿನ ಒಂದೇ ಮನೆಗೆ ಬರುವುದನ್ನು ಕರಾವಳಿಯಲ್ಲಿ ಯಾರೂ ಕಾಕತಾಳೀಯ ಎನ್ನುವುದಿಲ್ಲ. ಇಬ್ಬರೂ ತುಳುವಿನಲ್ಲಿ ಕ್ರಯಕ್ಕೆ ಇಳಿದರು. ನಾನು ಎರಡು ಬಾರಿ, “ನಾವು ಮೂಡುಬಿದಿರೆಗೆ ಹೋಗುವವರಲ್ವಾ, ಬಸದಿಗೆ” ಎಂದೆ. ಆಗಲೇ ಅರ್ಧ ಕಿಲೋ ಎಟ್ಟಿ ಒಂದು ಹಿಡಿ ಮಂಜುಗಡ್ಡೆಯ ಸಮೇತ ತೊಟ್ಟೆಯೊಳಗೆ ಬಿದ್ದಿತ್ತು.

ಮೀನಿನ ತೊಟ್ಟೆ ಹಿಡಿದು ಬಸದಿಯ ಹತ್ತಿರ ಸುಳಿಯುವುದು ಮರ್ಯಾದೆಯಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ. ಪೆಟ್ರೋಲ್ ಹಾಕಿಸಿ, ಪೇಟೆಯ ಈಚೆಗೇ ಒಂದು ಮರದಡಿ ಬೈಕು ನಿಲ್ಲಿಸಿದೆ.

“ಒಬ್ಬರು ಹೋಗಿ ಬರುವ, ಒಬ್ಬರು ಎಟ್ಟಿ ಕಾಯುವ” ಎಂದಳು.

ಸಾವಿರ ಕಂಬದ ಬಸದಿಯ ಬಗ್ಗೆ ಹಿಂದಿನ ರಾತ್ರಿ ಹನ್ನೊಂದರವರೆಗೆ ಓದಿಕೊಂಡವನು ನಾನು. ಮನೆಯಿಂದ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿದ್ದೂ ಮದುವೆಯಾದ ಮೇಲೆ ಒಮ್ಮೆಯೂ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗದವನೂ ನಾನೇ. ಹಿತ್ತಲ ಗಿಡ ಮದ್ದಲ್ಲ. ಎರಡನೆಯ ವಾದ ಗೆದ್ದಿತು. ಅವಳು ರಿಕ್ಷಾ ಹತ್ತಿದಳು.

ಕಾವಲಿನ ಒಂದು ಗಂಟೆಯನ್ನು ವಿವರಿಸುವುದಿಲ್ಲ. ಮೂರು ಬೆಕ್ಕು, ಎರಡು ಕಾಗೆ. ಹೆಲ್ಮೆಟನ್ನು ತಲೆಯ ರಕ್ಷಣೆಗಲ್ಲದೆ ಬೇರೆ ಕೆಲಸಕ್ಕೂ ಬಳಸಬಹುದು ಎಂದು ಕಂಡುಕೊಂಡೆ. ಅತ್ತ ಹೋಗುವವರಲ್ಲಿ ಒಬ್ಬಿಬ್ಬರು ನನ್ನ ಹಳೆ ವಿದ್ಯಾರ್ಥಿಗಳಂತೆ ಕಂಡರು. ನಾನು ಕಾರ್ಬುರೇಟರ್ ಪರೀಕ್ಷಿಸುವವನಂತೆ ಬಗ್ಗಿದೆ.

ಹಿಂದಿರುಗಿದವಳು ರಿಕ್ಷಾದಿಂದ ಇಳಿಯುತ್ತಲೇ ಪಾಠ ಶುರುಮಾಡಿದಳು. “1430ರಲ್ಲಿ ಕಟ್ಟಿದ್ದಂತೆ ಮಾರಾಯ್ರೇ. ತ್ರಿಭುವನ ತಿಲಕ ಚೂಡಾಮಣಿ ಅಂತ ಹೆಸರಂತೆ. ಒಂದು ಕಂಬದ ಹಾಗೆ ಇನ್ನೊಂದಿಲ್ಲವಂತೆ. ಭೈರಾದೇವಿ ಮಂಟಪದ ಅಡಿಯಲ್ಲಿ ಕಲ್ಲಿನಲ್ಲಿ ಜಿರಾಫೆ ಉಂಟು! ಜಿರಾಫೆ! ಈ ಊರಿನವರು ಅದನ್ನು ಎಲ್ಲಿ ನೋಡಿದ್ದು? ಆಫ್ರಿಕಾ, ಚೀನಾ ಎಲ್ಲ ಕಡೆಗೆ ವ್ಯಾಪಾರ ಇತ್ತಂತೆ. ನಿಮಗೆ ಗೊತ್ತುಂಟಾ?”

ನನಗೆ ಗೊತ್ತಿತ್ತು. ಜಿರಾಫೆಯನ್ನು ಕೊನೆಯ ಅಸ್ತ್ರವಾಗಿ ಇಟ್ಟುಕೊಂಡಿದ್ದೆ. ಅವಳ ಮುಖ ನೋಡಿ, “ಹೌದಾ!” ಎಂದೆ. ಈ ಇಡೀ ದಿನದಲ್ಲಿ ನಾನು ಸರಿಯಾಗಿ ಬಿಟ್ಟದ್ದು ಅದೊಂದನ್ನೇ.

ಸಿದ್ಧಕಟ್ಟೆ ರಸ್ತೆಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ. ಮಂಜುಗಡ್ಡೆ ಕರಗುತ್ತಿತ್ತು. ಚಿಕ್ಕಮ್ಮನ ಕಡೆಯವರೊಬ್ಬರು ಕೈ ಮಾಡಿದರೂ ಅವಳು, “ನಿಲ್ಲಿಸಬೇಡಿ, ಎಟ್ಟಿ ಉಂಟು” ಎಂದಳು. ನಿಲ್ಲದೆ ಹೋಗುವ ರೈಡ್ ಕೊನೆಗೂ ಸಿಕ್ಕಿತು. ಸಿಕ್ಕಿದ ಮೇಲೆ ಗೊತ್ತಾಯಿತು, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಇಪ್ಪತ್ತೈದು ಕಿಲೋಮೀಟರಿನ ಬಗ್ಗೆ ನನಗೆ ಈ ಒಂದು ಪ್ಯಾರಾ ಬಿಟ್ಟು ಬೇರೇನೂ ಬರೆಯಲು ಆಗುತ್ತಿಲ್ಲ.

ಸಂಜೆ ಘಟ್ಟದ ಕಡೆ ಗುಡುಗಿತು. ತುಲಾ ಮಾಸದ ಮಳೆ, ಹೇಳದೆ ಕೇಳದೆ ಬಂತು. ಅಂಗಳದ ಬಟ್ಟೆಗಳನ್ನು ಬಾಚಿ ತಂದವಳು ನನ್ನ ಕಡೆ ನೋಡಿದಳು. ನಾನೇ ಎದ್ದು ಬೈಕಿನ ಬಲಗನ್ನಡಿಗೆ ಹಗ್ಗ ಕಟ್ಟಿದೆ.

ಬಸಳೆ-ಎಟ್ಟಿ ಗಸಿ, ಕುಚ್ಚಲಕ್ಕಿ ಅನ್ನ. ಎರಡನೆಯ ಸಲ ಬಡಿಸಿಕೊಂಡು ಕೈ ತೊಳೆಯಲು ಹೊರಗೆ ಬಂದಾಗ, ಅವಳು ಉಳಿದ ಬಸಳೆ ದಂಟೊಂದನ್ನು ಕೊಟ್ಟಿಗೆಯ ಪಕ್ಕ ಊರುತ್ತಿದ್ದಳು. ಹಿಂದಿನ ಚಕ್ರದಿಂದ ಸರಿಯಾಗಿ ಒಂದು ಗೇಣು ದೂರದಲ್ಲಿ. ಆಕ್ಷೇಪ ಹೇಳಬೇಕೆಂದು ಬಾಯಿ ತೆರೆದೆ. ಬಾಯಲ್ಲಿ ಇನ್ನೂ ಗಸಿಯ ರುಚಿ ಇತ್ತು.

“ನೀರು ತರಲಾ?” ಎಂದೆ.